ಗಲ್ಲಾದಲ್ಲಿ ಕೂತವರು ದೋಸೆ ಹೊಯ್ಯಬಾರದು: ಹೊಸದಾಗಿ ಮ್ಯಾನೇಜರ್ ಆದವರಿಗೆ

ಟೀಮ್ ಲೀಡ್ ಆಗಿದ್ದಾಗ ನನ್ನ ಕೈಕೆಳಗೆ 11 ಜನ ಇದ್ದರು. 2024ರ ಏಪ್ರಿಲ್‌ನಲ್ಲಿ ಮ್ಯಾನೇಜರ್ ಆದೆ. ಮರುದಿನದಿಂದ 46 ಜನ, ಅವರನ್ನು ನೋಡಿಕೊಳ್ಳುವ ನಾಲ್ವರು ಟೀಮ್ ಲೀಡುಗಳು. ನವಿ ಮುಂಬೈಯ ಐರೋಲಿಯಲ್ಲಿ ಒಂದು ಆಫೀಸು, ಆರೋಗ್ಯ ವಿಮೆಯ ಕ್ಲೇಮ್ ನೋಡುವ ಕೆಲಸ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ಠಾಣೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿ. ದಾರಿ ಹಳೆಯದೇ, ಕುರ್ಚಿ ಮಾತ್ರ ಹೊಸದು. ಸಂಬಳ ಸ್ವಲ್ಪ ಜಾಸ್ತಿ, ನಿದ್ದೆ ತುಂಬಾ ಕಮ್ಮಿ.

ಮುಂಬೈ, ಠಾಣೆ, ಪುಣೆಯ ಆಫೀಸುಗಳಲ್ಲಿ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಈಗ ಇದೇ ಮೆಟ್ಟಿಲ ಮೇಲೆ ನಿಂತಿದ್ದಾರೆ. ಮೇಲೆ ಬಾಸ್, ಕೆಳಗೆ ಸಣ್ಣ ಬಾಸುಗಳು, ನಡುವೆ ನೀವು. ಮೊದಲ ಕೆಲವು ತಿಂಗಳು ಯಾವುದರ ನಂತರ ಯಾವುದನ್ನು ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನದು ಕ್ಲೇಮ್ ಆಫೀಸಿನ ಅನುಭವ. ಬ್ಯಾಂಕು, ಫ್ಯಾಕ್ಟರಿ, ಸಾಫ್ಟ್‌ವೇರ್‌ನವರು ತಮ್ಮ ತಮ್ಮ ಅಳತೆಗೆ ಹೊಲಿಸಿಕೊಳ್ಳಿ.

ಮೊದಲ ದಿನ: ಬಾಸ್ ಹತ್ತಿರ ಮೂರು ಪ್ರಶ್ನೆ

ಸ್ವೀಟ್ ಹಂಚಿ ಮುಗಿದ ಮೇಲೆ ಬಾಸ್ ಹತ್ತಿರ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಆರು ತಿಂಗಳ ನಂತರ ಏನು ಕಂಡರೆ "ಇವರನ್ನು ಮಾಡಿದ್ದು ಸರಿಯಾಯ್ತು" ಅನ್ನುತ್ತೀರಿ? ನಿಮ್ಮನ್ನು ಕೇಳದೆ ನಾನು ಏನೇನು ತೀರ್ಮಾನ ಮಾಡಬಹುದು? ಯಾವ ಸುದ್ದಿಯನ್ನು ರಾತ್ರಿ ಹನ್ನೊಂದಾದರೂ ಫೋನ್ ಮಾಡಿ ಹೇಳಬೇಕು?

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ರಜೆ, ಓವರ್‌ಟೈಮ್, ಶಿಫ್ಟ್ ಬದಲು, ಹೊಸಬರ ಆಯ್ಕೆ, ಸಣ್ಣಪುಟ್ಟ ಖರ್ಚು, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ನಾನು ಕೇಳಿರಲಿಲ್ಲ. ಎರಡನೇ ವಾರದಲ್ಲೇ ಒಬ್ಬಳಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡು ಅಂದುಬಿಟ್ಟೆ. ಆ ಅಧಿಕಾರ ನನಗೆ ಇರಲಿಲ್ಲ. ಕೊಟ್ಟ ಮಾತು ವಾಪಸ್ ತೆಗೆದುಕೊಳ್ಳುವಾಗ ಅವಳ ಮುಖ ನೋಡಲಾಗಲಿಲ್ಲ. ಬಾಸ್ ಹೇಳಿದ್ದನ್ನು ಅದೇ ದಿನ ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸಿ, "ನಾನು ಅರ್ಥ ಮಾಡಿಕೊಂಡದ್ದು ಇಷ್ಟು" ಅಂತ. ಮುಂದೆ ಬಾಸ್ ಬದಲಾದಾಗಲೂ ಆ ಮೇಲ್ ಕೆಲಸಕ್ಕೆ ಬರುತ್ತದೆ.

ಮೊದಲ ಎರಡು ವಾರ: ಕೇಳಿಸಿಕೊಳ್ಳುವುದು, ಅಷ್ಟೇ

ಯಾವುದನ್ನೂ ಬದಲಿಸಬೇಡಿ. ಕೈ ತುರಿಸುತ್ತದೆ, ಆದರೂ ಬೇಡ. ಪ್ರತಿ ಟೀಮ್ ಲೀಡ್ ಜೊತೆ ಮುಕ್ಕಾಲು ಗಂಟೆ, ಉಳಿದವರ ಜೊತೆ ಹತ್ತು ಹದಿನೈದು ನಿಮಿಷ ಕೂತುಕೊಳ್ಳಿ. ಯಾವ ಕೆಲಸ ಸುಮ್ನೆ ಸಮಯ ತಿನ್ನುತ್ತದೆ, ಯಾವುದನ್ನು ಮುಟ್ಟಬಾರದು, ನನ್ನ ಜಾಗದಲ್ಲಿ ನೀವಿದ್ದರೆ ಮೊದಲು ಏನು ಮಾಡುತ್ತಿದ್ದಿರಿ, ಇಷ್ಟು ಕೇಳಿ. ಅವರು ಯಾವ ಭಾಷೆಯಲ್ಲಿ ಸಲೀಸಾಗಿ ಮಾತಾಡುತ್ತಾರೋ ಆ ಭಾಷೆಯಲ್ಲಿ ಕೇಳಿ. ನನ್ನ ಮರಾಠಿಗೆ ಕುಂದಾಪುರದ ರಾಗ ಇದೆ, ಕೇಳಿದವರು ನಗುತ್ತಾರೆ. ನಗಲಿ. ಇಂಗ್ಲಿಷ್‌ನಲ್ಲಿ "ಎವ್ರಿಥಿಂಗ್ ಈಸ್ ಫೈನ್ ಸರ್" ಅಂದವರೇ ಮರಾಠಿಯಲ್ಲಿ ಇಪ್ಪತ್ತು ನಿಮಿಷ ದೂರು ಹೇಳಿದರು.

ಇದೇ ಎರಡು ವಾರದಲ್ಲಿ ಇನ್ನೊಂದು ಕಷ್ಟದ ಮಾತು ಮುಗಿಸಬೇಕು. ಅದೇ ಕುರ್ಚಿಗೆ ಅರ್ಜಿ ಹಾಕಿ ಸಿಗದೆ ಹೋದವರು ಒಬ್ಬರು ಇದ್ದೇ ಇರುತ್ತಾರೆ. ನನ್ನ ಮಟ್ಟಿಗೆ ಆತ ಆರು ವರ್ಷ ಜೊತೆಗೆ ಡಬ್ಬಿ ತಿಂದ ಗೆಳೆಯ. ಮೀಟಿಂಗ್ ರೂಮಿಗೆ ಕರೆಯಲಿಲ್ಲ. ಗೇಟಿನ ಹೊರಗಿನ ಟಪರಿಯಲ್ಲಿ ಕಟಿಂಗ್ ಚಹಾ ಹಿಡಿದು ನೇರವಾಗಿ ಹೇಳಿದೆ: "ಈ ಕೆಲಸ ನಿನಗೂ ಬೇಕಿತ್ತು, ನನಗೆ ಗೊತ್ತು. ಬೇಜಾರಾಗಿರುತ್ತೆ. ನಿನಗೆ ಮುಂದಿನ ಅವಕಾಶ ಬರೋ ಹಾಗೆ ನಾನು ಏನು ಮಾಡಬಹುದು ಹೇಳು. ಆದರೆ ಫ್ಲೋರಿನಲ್ಲಿ ನನ್ನ ಮಾತು ನಡೀಬೇಕು, ಅದಕ್ಕೆ ನಿನ್ನ ಸಹಾಯ ಬೇಕು." ಆತ ಏನೂ ಹೇಳಲಿಲ್ಲ, ಚಹಾದ ದುಡ್ಡು ಮಾತ್ರ ತಾನೇ ಕೊಟ್ಟ. ಸರಿಹೋಗಲು ಎರಡು ತಿಂಗಳು ಹಿಡಿಯಿತು. ಮಾತಾಡದೇ ಬಿಟ್ಟಿದ್ದರೆ ಎರಡು ವರ್ಷವೂ ಹಿಡಿಯುತ್ತಿತ್ತೇನೋ.

ಹಾಂ, ಹಳೆಯ ವಾಟ್ಸಾಪ್ ಗ್ರೂಪ್ ಒಂದು ದಿನ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ನೀವಿಲ್ಲದ ಹೊಸ ಗ್ರೂಪ್ ಶುರುವಾಗಿದೆ ಅಂತ ಅರ್ಥ. ಬೇಜಾರು ಮಾಡಿಕೊಳ್ಳಬೇಡಿ. ಬಾಸ್‌ನನ್ನು ಬೈಯಲು ಅವರಿಗೂ ಒಂದು ಜಾಗ ಬೇಡವೇ?

ಮೊದಲ ಎರಡು ತಿಂಗಳು: ಹಳೆಯ ಕೆಲಸ ಕೈಬಿಡುವುದು

ಮುಂಬೈಯಲ್ಲಿ ನಾಯಕತ್ವದ ಟ್ರೈನಿಂಗ್ ಅಂದರೆ ಡಬ್ಬಾವಾಲಾಗಳ ಕಥೆ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಕಥೆಯೇ, ಆದರೆ ಕೇಳಿ ಕೇಳಿ ಸಾಕಾಗಿದೆ. ನಾನು ಕಲಿತದ್ದು ನಮ್ಮದೇ ಉಡುಪಿ ಹೋಟೆಲಿನಿಂದ.

ನನ್ನ ಸೋದರಮಾವ ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಶುರುವಿನಲ್ಲಿ ಕ್ಲೀನರ್, ಆಮೇಲೆ ಸಪ್ಲೈಯರ್, ಆಮೇಲೆ ದೋಸೆ ಕಾವಲಿ, ಕೊನೆಗೆ ಗಲ್ಲಾ. ನಾನು ಮ್ಯಾನೇಜರ್ ಆದ ಹೊಸತರಲ್ಲಿ ರಾತ್ರಿ ಹತ್ತರ ತನಕ ಆಫೀಸಿನಲ್ಲಿ ಕೂತು, ಟೀಮಿನವರು ಮುಗಿಸಿದ ಫೈಲುಗಳನ್ನು ಮತ್ತೆ ತೆರೆದು ನೋಡುತ್ತಿದ್ದೆ. ಕಷ್ಟದ ಕ್ಲೇಮ್ ಬಂದರೆ "ಕೊಡಿ, ನಾನೇ ಮಾಡ್ತೇನೆ" ಅನ್ನುತ್ತಿದ್ದೆ. ಒಂದು ಭಾನುವಾರ ಮಾವನ ಮನೆಯಲ್ಲಿ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡೆ. ಮಾವ ಎಲೆ ಅಡಿಕೆ ಮಡಚುತ್ತಾ ಕೇಳಿದರು: "ನೀನ್ ದೋಸಿ ಹೊಯ್ಯುಕ್ ಹೋರೆ ಗಲ್ಲಾದಗೆ ಕೂಕಂಬುದ್ ಯಾರ್ ಮಾರಾಯಾ?"

ಆಮೇಲೆ ವಿವರಿಸಿದರು. ಗಲ್ಲಾದವನು ಎದ್ದು ಅಡುಗೆಮನೆಗೆ ಹೋದರೆ ದೋಸೆ ಚೆನ್ನಾಗಿಯೇ ಬರುತ್ತದೆ. ಆದರೆ ಆ ಹತ್ತು ನಿಮಿಷ ಯಾವ ಟೇಬಲ್ಲಿಗೆ ನೀರು ಹೋಗಿಲ್ಲ, ಯಾರು ಬಿಲ್ ಹಿಡಿದು ನಿಂತಿದ್ದಾರೆ, ಬಾಗಿಲಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ, ಯಾರಿಗೂ ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಕಾವಲಿ ಮುಂದಿನ ಹುಡುಗ ಇನ್ನು ಯಾವತ್ತೂ ಕಲಿಯುವುದಿಲ್ಲ. ಕಷ್ಟ ಬಂದರೆ ಗಲ್ಲಾದವರು ಬರುತ್ತಾರೆ ಅಂತ ಕಾಯುತ್ತಾನೆ.

ಹಳೆಯ ಕೆಲಸದಲ್ಲಿ ಒಳ್ಳೆ ಹೆಸರು ಮಾಡಿದ್ದಕ್ಕೇ ನಮಗೆ ಪ್ರಮೋಷನ್ ಸಿಕ್ಕಿದೆ. ಆ ಕೆಲಸದ ಮೇಲೇ ಪ್ರೀತಿ ಉಳಿಯುವುದು ಸಹಜ. ಗೂಗಲ್ ಕಂಪನಿ ತನ್ನ ಮ್ಯಾನೇಜರುಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಶುರು ಮಾಡಿ, ಒಳ್ಳೆಯ ಮ್ಯಾನೇಜರ್‌ನ 8 ಗುಣಗಳನ್ನು ಪಟ್ಟಿ ಮಾಡಿತು. ಮೊದಲ ಸ್ಥಾನ ಜನರನ್ನು ಬೆಳೆಸುವ ಗುಣಕ್ಕೆ. ಟೆಕ್ನಿಕಲ್ ಜಾಣತನ ಇದ್ದದ್ದು 8ನೇ ಜಾಗದಲ್ಲಿ. ಪಟ್ಟಿಯಲ್ಲಿ ಇತ್ತು, ಕೊನೆಯಲ್ಲಿತ್ತು. ಅಂದರೆ ದೋಸೆ ಹೊಯ್ಯಲು ಬರಬೇಕು, ಆದರೆ ದಿನವೂ ಹೊಯ್ಯಬಾರದು.

ಕೈಬಿಡುವುದಕ್ಕೆ ನಾನು ಹಿಡಿದ ಕ್ರಮ ಹೀಗಿತ್ತು. ಒಂದು ವಾರ ನಾನು ಮಾಡಿದ ಪ್ರತಿ ಕೆಲಸವನ್ನೂ ಡೈರಿಯಲ್ಲಿ ಬರೆದೆ. ಶುಕ್ರವಾರ ಕೂತು, ನನ್ನ ಕುರ್ಚಿಯವರೇ ಮಾಡಬೇಕಾದದ್ದು ಯಾವುದು ಅಂತ ಗುರುತು ಹಾಕಿದೆ. ಅರ್ಧಕ್ಕೂ ಗುರುತು ಬೀಳಲಿಲ್ಲ. ಉಳಿದದ್ದನ್ನು ಒಟ್ಟಿಗೇ ಎತ್ತಿ ಹಾಕಲಿಲ್ಲ, ವಾರಕ್ಕೊಂದರಂತೆ ಕೊಟ್ಟೆ. ಕೊಡುವಾಗ ಎಷ್ಟು ಸ್ವಾತಂತ್ರ್ಯ ಅಂತಲೂ ಹೇಳಿದೆ. ಕೆಲವರಿಗೆ "ನೋಡಿ ಬಂದು ನನಗೆ ಹೇಳಿ, ತೀರ್ಮಾನ ನಾನು ಮಾಡ್ತೇನೆ". ಕೆಲವರಿಗೆ "ನೀವೇ ತೀರ್ಮಾನ ಮಾಡಿ, ಮಾಡುವ ಮೊದಲು ಒಂದು ಮಾತು ಹೇಳಿ". ಪಳಗಿದವರಿಗೆ "ಮಾಡಿ ಮುಗಿಸಿ, ಸಂಜೆ ತಿಳಿಸಿದರೆ ಸಾಕು". ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಒಬ್ಬರು ಎಲ್ಲದಕ್ಕೂ ಕೇಳುತ್ತಾರೆ, ಇನ್ನೊಬ್ಬರು ಯಾವುದಕ್ಕೂ ಕೇಳುವುದಿಲ್ಲ.

ಟೀಮ್ ಲೀಡ್ ತಲೆ ದಾಟಬೇಡಿ

ಇದು ಸಣ್ಣ ಮಾತು, ಆದರೆ ಎಲ್ಲರೂ ತಪ್ಪುವ ಮಾತು. ಫ್ಲೋರಿನಲ್ಲಿ ನಡೆಯುವಾಗ ಒಬ್ಬ ಹುಡುಗ ಎದ್ದು ನಿಂತು "ಸರ್, ನಾಳೆ ಶಿಫ್ಟ್ ಬದಲು ಮಾಡಿಕೊಡ್ತೀರಾ?" ಅನ್ನುತ್ತಾನೆ. ಹೂಂ ಅಂದರೆ ನೀವು ಒಳ್ಳೆಯವರು. ಟೀಮ್ ಲೀಡ್ ಯಾರೂ ಅಲ್ಲ. "ನಿಮ್ಮ ಲೀಡ್ ಏನಂದರು?" ಅಂತ ಕೇಳಿ, ಅವರ ಹತ್ತಿರವೇ ಕಳಿಸಿ. ಸಮಸ್ಯೆ ಯಾರು ಬೇಕಾದರೂ ನಿಮಗೆ ಹೇಳಬಹುದು, ಬಾಗಿಲು ತೆರೆದಿರಲಿ. ತೀರ್ಮಾನ ಮಾತ್ರ ಲೀಡ್ ಬಾಯಿಂದ ಹೊರಬರಲಿ. ಲೀಡ್ ಮೇಲೇ ದೂರಿದ್ದರೆ ಅದು ಬೇರೆ ಮಾತು, ಅದನ್ನು ನೀವೇ ಕೂತು ಕೇಳಬೇಕು.

ಎರಡನೇ ತಿಂಗಳಿನಿಂದ: ಎರಡೂ ಕಡೆಗೆ ದುಭಾಷಿ

ಮಾವ ಗಲ್ಲಾದಲ್ಲಿ ಕೂತು ದಿನವಿಡೀ ಮಾಡುತ್ತಿದ್ದದ್ದು ಭಾಷಾಂತರ ಅಂತ ನನಗೆ ಹೊಳೆದದ್ದು ತಡವಾಗಿ. ಗಿರಾಕಿ "ಎಷ್ಟೊತ್ತು?" ಅಂತ ರೇಗುತ್ತಾನೆ. ಮಾವ ಒಳಗೆ ಆ ರೇಗಾಟ ಕಳಿಸುವುದಿಲ್ಲ. "ನಾಲ್ಕನೇ ಟೇಬಲ್ ಎರಡು ಮಸಾಲೆ ಮೊದಲು" ಅನ್ನುತ್ತಾರೆ. ಒಳಗೆ ಭಟ್ಟರು "ನನ್ನ ಕೈಲಿ ಆಗೂದಿಲ್ಲ" ಅಂತ ಕೂಗುತ್ತಾರೆ. ಮಾವ ಧಣಿಗೆ ಆ ಕೂಗನ್ನೂ ಕಳಿಸುವುದಿಲ್ಲ. "ಸಂಜೆ ಐದರಿಂದ ಏಳಕ್ಕೆ ಇನ್ನೊಂದು ಕಾವಲಿ ಬೇಕು" ಅನ್ನುತ್ತಾರೆ. ಮನೆಯಲ್ಲಿ ಒಂದು, ಲೋಕಲ್‌ನಲ್ಲಿ ಒಂದು, ವಾಚ್‌ಮನ್ ಹತ್ತಿರ ಒಂದು, ಆಫೀಸಿನಲ್ಲಿ ಒಂದು ಅಂತ ದಿನಕ್ಕೆ ನಾಲ್ಕು ಭಾಷೆ ಬದಲಿಸುವ ಮುಂಬೈ ಕನ್ನಡಿಗರಿಗೆ ಇದು ಕಷ್ಟವಾಗಬಾರದು. ಆದರೂ ನನಗೆ ಕಷ್ಟವಾಯಿತು.

2024ರ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಗೆ ಹೊಸ ಸುತ್ತೋಲೆ ಹೊರಡಿಸಿತು. ಆಸ್ಪತ್ರೆಯಿಂದ ಕ್ಯಾಶ್‌ಲೆಸ್ ಕೋರಿಕೆ (ಪೇಷಂಟ್ ಬದಲು ವಿಮಾ ಕಂಪನಿಯೇ ನೇರವಾಗಿ ದುಡ್ಡು ಕೊಡಲಿ ಅನ್ನುವುದು) ಬಂದರೆ 1 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ಕೋರಿಕೆ ಬಂದ ಮೇಲೆ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದು ಮೀರಿ ಆಸ್ಪತ್ರೆ ಹೆಚ್ಚಿಗೆ ಹಾಕಿದ ದುಡ್ಡು ವಿಮಾ ಕಂಪನಿಯ ತಲೆಗೇ. ಜುಲೈ 31ರೊಳಗೆ ಎಲ್ಲ ಸಿದ್ಧವಾಗಬೇಕಿತ್ತು. ಮೇಲಿನಿಂದ ಉದ್ದದ ಮೇಲ್ ಬಂತು. ನಾನು ಅದನ್ನು ನಾಲ್ವರು ಲೀಡುಗಳಿಗೆ ಹಾಗೆಯೇ ತಳ್ಳಿದೆ, ಮೇಲೆ ಒಂದೇ ಸಾಲು: "ಪ್ಲೀಸ್ ಡು ದಿ ನೀಡ್‌ಫುಲ್."

ನಾಲ್ವರೂ ನಾಲ್ಕು ರೀತಿ ಅರ್ಥ ಮಾಡಿಕೊಂಡರು. ಒಬ್ಬರು ಬೇರೆಲ್ಲ ಫೈಲ್ ನಿಲ್ಲಿಸಿ ಎಲ್ಲರನ್ನೂ ಕ್ಯಾಶ್‌ಲೆಸ್‌ಗೆ ಹಾಕಿದರು. ಇನ್ನೊಬ್ಬರು ಊಟದ ಬ್ರೇಕ್ ಅರ್ಧ ಮಾಡಿದರು. ಮೂರನೆಯವರು ಮೇಲ್ ಓದಿರಲೇ ಇಲ್ಲ. ನಾನು ಅಂಚೆಯವನ ಕೆಲಸ ಮಾಡಿದ್ದೆ. ಅದಕ್ಕೆ ಕಂಪನಿಗೆ ನಾನು ಬೇಕಿರಲಿಲ್ಲ, ಒಂದು ಬಟನ್ ಸಾಕಿತ್ತು.

ಆಮೇಲೆ ನಾಲ್ವರನ್ನೂ ಬೋರ್ಡಿನ ಮುಂದೆ ಕೂರಿಸಿಕೊಂಡೆ. ಡಿಸ್ಚಾರ್ಜ್ ಕೋರಿಕೆಗಳು ಜಾಸ್ತಿ ಬರುವುದು ಯಾವಾಗ? ಬೆಳಗ್ಗೆ ಡಾಕ್ಟರ್ ರೌಂಡ್ಸ್ ಮುಗಿಸಿದ ಮೇಲೆ, ಅಂದರೆ ಹನ್ನೊಂದರಿಂದ ಮೂರು. ನಮ್ಮವರೆಲ್ಲ ಊಟಕ್ಕೆ ಏಳುವುದು ಯಾವಾಗ? ಒಂದು ಗಂಟೆಗೆ, ಒಟ್ಟಿಗೆ. ಊಟವನ್ನು ಮೂರು ಪಂಗಡ ಮಾಡಿದೆವು. ಕಾಗದ ಅರ್ಧಂಬರ್ಧ ಇರುವ ಫೈಲನ್ನು ಐವತ್ತನೇ ನಿಮಿಷದಲ್ಲಿ ಪ್ರಶ್ನೆ ಹಾಕಿ ವಾಪಸ್ ಕಳಿಸುವ ಬದಲು, ಮೊದಲ ಹದಿನೈದು ನಿಮಿಷದಲ್ಲೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಫೋನ್ ಮಾಡುವುದು ಅಂತ ಆಯಿತು. ಉದ್ದದ ಮೇಲ್ ಕೊನೆಗೆ ಎರಡು ವಾಕ್ಯಕ್ಕೆ ಇಳಿಯಿತು. ಕೆಳಮುಖದ ಭಾಷಾಂತರ ಅಂದರೆ ಇದು: ಸೋಮವಾರ ಬೆಳಗ್ಗೆ ಯಾರು ಏನನ್ನು ಬೇರೆ ಥರ ಮಾಡಬೇಕು? ಇಷ್ಟಕ್ಕೆ ಉತ್ತರ ಸಿಗುವ ತನಕ ಮೇಲ್ ಮುಂದಕ್ಕೆ ತಳ್ಳಬೇಡಿ. ಜೊತೆಗೆ ಯಾಕೆ ಅಂತಲೂ ಹೇಳಿ. "ಬಿಲ್ ಆಗದೆ ಪೇಷಂಟ್ ಬಟ್ಟೆ ಹಾಕಿಕೊಂಡು ಮಂಚದ ಮೇಲೆ ಕಾಯ್ತಾ ಕೂತಿರ್ತಾರೆ" ಅಂದಾಗ ನಮ್ಮ ಹುಡುಗರಿಗೆ ಅರ್ಥವಾದಷ್ಟು ಆ ಸುತ್ತೋಲೆಯ ನಂಬರ್ ಹೇಳಿದರೆ ಆಗುತ್ತಿರಲಿಲ್ಲ.

ಮೇಲ್ಮುಖದ್ದು ಇನ್ನೊಂದು ಕಲೆ. "ಜನ ಸಾಲದು ಸರ್" ಅಂತ ಎರಡು ಸಲ ಹೋಗಿ ಕೇಳಿ ಬರಿಗೈಲಿ ಬಂದಿದ್ದೆ. ಮೂರನೇ ಸಲ ಹೀಗೆ ಹೇಳಿದೆ: "ಹನ್ನೆರಡರಿಂದ ಮೂರರ ತನಕ ಗಂಟೆಗೆ ಸುಮಾರು 60 ಫೈಲ್ ಬರುತ್ತೆ. ನಮ್ಮ ಕೈಲಿ 45 ಆಗುತ್ತೆ. ಇಡೀ ದಿನಕ್ಕೆ ಜನ ಬೇಡ, ಆ ಮೂರು ಗಂಟೆಗೆ ಪಕ್ಕದ ಟೀಮಿನಿಂದ ಮೂವರನ್ನು ಕೊಡಿ." ಅದೇ ವಾರ ಸಿಕ್ಕರು. ಮೇಲಿನವರಿಗೆ ಕಷ್ಟ ಅರ್ಥವಾಗುವುದಿಲ್ಲ ಅಂತಲ್ಲ. ಅಂಕಿ ಇಲ್ಲದ ಕಷ್ಟವನ್ನು ಅವರು ತಮ್ಮ ಮೇಲಿನವರಿಗೆ ಹೇಳಲಾರರು. ಅವರೂ ದುಭಾಷಿಗಳೇ ಅಲ್ವಾ?

ದುಭಾಷಿಗೆ ಎರಡು ಚಟ ಹತ್ತಿಕೊಳ್ಳುತ್ತದೆ. ಒಂದು, "ಮೇಲಿನವರು ಹೇಳಿದ್ದಾರೆ, ನಾನೇನು ಮಾಡಲಿ?" ಆ ಕ್ಷಣಕ್ಕೆ ಟೀಮ್ ನಿಮ್ಮ ಪರ ನಿಲ್ಲುತ್ತದೆ, ಆಮೇಲೆ ನಿಮ್ಮ ಮಾತಿಗೆ ಕವಡೆ ಬೆಲೆ ಇರುವುದಿಲ್ಲ. ಜಗಳ ಇದ್ದರೆ ಬಾಸ್ ರೂಮಿನೊಳಗೆ ಮಾಡಿ, ಹೊರಗೆ ಬಂದ ಮೇಲೆ ತೀರ್ಮಾನ ನಿಮ್ಮದೇ. ಇನ್ನೊಂದು, ಕೆಟ್ಟ ಸುದ್ದಿಗೆ ಸಕ್ಕರೆ ಬೆರೆಸುವುದು. ಫೈಲ್ ಬಾಕಿ ಬಿದ್ದಿದ್ದರೆ ಬಿದ್ದಿದೆ ಅನ್ನಿ, ಎಂದಿಗೆ ಮುಗಿಯುತ್ತದೆ ಅಂತಲೂ ಹೇಳಿ. ಹೇಳಬಾರದ ಸಂಗತಿ ಇದ್ದರೆ "ಅದನ್ನು ನಾನು ಈಗ ಹೇಳಲಾರೆ" ಅನ್ನಿ. ಸುಳ್ಳು ಮಾತ್ರ ಬೇಡ.

ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ

ಪ್ರತಿ ಲೀಡ್ ಜೊತೆ ಒಬ್ಬರೇ ಕೂರುವ ಹೊತ್ತು ಇದು. ಇಲ್ಲಿ ಬಾಕಿ ಫೈಲಿನ ಲೆಕ್ಕ ಕೇಳಬೇಡಿ, ಅದು ಸ್ಕ್ರೀನ್ ಮೇಲೇ ಇದೆ. ಯಾರು ಇತ್ತೀಚೆಗೆ ಮಾತು ಕಮ್ಮಿ ಮಾಡಿದ್ದಾರೆ, ಯಾರು ಬಿಟ್ಟು ಹೋಗುವ ಹಾಗಿದ್ದಾರೆ, ನಾನು ಮಾಡಿದ್ದರಲ್ಲಿ ನಿಮಗೆ ತೊಂದರೆಯಾದದ್ದು ಯಾವುದು, ಇಂಥದ್ದು ಕೇಳಿ. ಕೊನೆಯ ಪ್ರಶ್ನೆಗೆ ಮೊದಲ ಮೂರು ಸಲ "ಏನಿಲ್ಲ ಸರ್" ಅನ್ನುತ್ತಾರೆ. ನಾಲ್ಕನೇ ಸಲ ಹೇಳುತ್ತಾರೆ.

ತಪ್ಪು ತೋರಿಸುವುದಿದ್ದರೆ ಎರಡು ದಿನದೊಳಗೆ, ಒಬ್ಬರೇ ಇರುವಾಗ, ಕೆಲಸದ ಬಗ್ಗೆ ಮಾತ್ರ ಹೇಳಿ. "ನೀವು ಕೇರ್‌ಲೆಸ್" ಅಂದರೆ ಅವರು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. "ಮಂಗಳವಾರದ ಮೂರು ಫೈಲಿನಲ್ಲಿ ರೂಮ್ ರೆಂಟ್ ಮಿತಿ ನೋಡಿಲ್ಲ, ಏನಾಯ್ತು?" ಅಂತ ನಾನು ಒಬ್ಬಳನ್ನು ಕೇಳಿದೆ. ಹೊಸ ಸ್ಕ್ರೀನ್‌ನಲ್ಲಿ ಆ ಸಾಲು ಕೆಳಗೆ ಎಲ್ಲೋ ಹೋಗಿತ್ತು, ಇಡೀ ಫ್ಲೋರ್ ಅದನ್ನೇ ತಪ್ಪುತ್ತಿತ್ತು. ಅವಳಿಗೆ ಬೈದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಅದೇ ಶುಕ್ರವಾರದ ಡೈರಿಯಲ್ಲಿ ಪ್ರತಿಯೊಬ್ಬ ಲೀಡ್ ಬಗ್ಗೆ ವಾರಕ್ಕೆ ಎರಡು ಸಾಲು ಬರೆದಿಡಿ. ಮಾರ್ಚ್ ತಿಂಗಳ ಅಪ್ರೈಸಲ್‌ಗೆ ಕೂತಾಗ ನಮಗೆಲ್ಲ ಜನವರಿ ಫೆಬ್ರವರಿ ಮಾತ್ರ ನೆನಪಿರುತ್ತದೆ. ಜೂನ್‌ನಲ್ಲಿ ಮೈಮುರಿದು ದುಡಿದವರಿಗೆ ಆ ಎರಡು ಸಾಲೇ ಸಾಕ್ಷಿ.

ನಮ್ಮೂರಿನವರು ಅನ್ನುವ ಸಂಕಟ

ಇದರ ಬಗ್ಗೆ ಟ್ರೈನಿಂಗ್‌ನಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ನನ್ನ ಫ್ಲೋರಿನಲ್ಲಿ ಕನ್ನಡ, ತುಳು ಮಾತಾಡುವವರು ಐದು ಜನ. ಊರಿನ ಪೂಜೆಯಲ್ಲೋ ಸಂಘದ ಕಾರ್ಯಕ್ರಮದಲ್ಲೋ ಯಾರದೋ ಅಮ್ಮ ಸಿಗುತ್ತಾರೆ: "ನಮ್ಮ ಹುಡುಗ ನಿಮ್ಮ ಕೈಕೆಳಗೇ ಇದ್ದಾನಂತಲ್ಲ, ಸ್ವಲ್ಪ ನೋಡಿಕೊಳ್ಳಿ." ನಗುತ್ತಾ ಹೂಂ ಅನ್ನಿ. ಆಫೀಸಿನಲ್ಲಿ ಆ ಹುಡುಗನಿಗೆ ಉಳಿದವರಷ್ಟೇ ಅಳತೆ.

ಲಿಫ್ಟಿನಲ್ಲಿ, ಚಹಾದ ಹೊತ್ತಿನಲ್ಲಿ ಕನ್ನಡ ಮಾತಾಡಿ, ಖುಷಿಯಾಗಿ ಮಾತಾಡಿ. ಕೆಲಸದ ಮಾತು ಬಂದಾಗ ಅಲ್ಲಿರುವ ಎಲ್ಲರಿಗೂ ಗೊತ್ತಾಗುವ ಭಾಷೆಗೆ ಬನ್ನಿ. ಒಮ್ಮೆ ನಾನು ನಮ್ಮ ಊರಿನವನಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಪಕ್ಕದವರು ಅವನಿಗೆ ಒಳ್ಳೆ ಶಿಫ್ಟ್ ಕೊಡುತ್ತಿದ್ದೇನೆ ಅಂದುಕೊಂಡರಂತೆ.

ರಜೆ, ಮಳೆ, ಮತ್ತು ನೀವು ತೀರ್ಪು ಕೊಡಬಾರದ ಒಂದು ವಿಷಯ

ಗಣಪತಿ ಹಬ್ಬಕ್ಕೆ ಕೊಂಕಣದವರು, ಛಠ್‌ಗೆ ಬಿಹಾರದವರು, ನೇಮ ಕೋಲಕ್ಕೆ ನಮ್ಮವರು. ರೈಲ್ವೆ ರಿಸರ್ವೇಷನ್ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ. ಹಾಗಾಗಿ ಹಬ್ಬದ ರಜೆಯ ಪಟ್ಟಿ 70 ದಿನ ಮೊದಲೇ ಲೀಡುಗಳಿಂದ ತರಿಸಿಕೊಳ್ಳಿ. ಟಿಕೆಟ್ ಬುಕ್ ಆದ ಮೇಲೆ ರಜೆ ಇಲ್ಲ ಅನ್ನುವುದು ಜಗಳಕ್ಕೆ ದಾರಿ. ಹೋದ ವರ್ಷ ಹಬ್ಬಕ್ಕೆ ಹೋದವರು ಈ ವರ್ಷ ಕೊನೆಯ ಸಾಲಿನಲ್ಲಿ.

ಮಳೆಯ ದಿನ ಬಾಸ್‌ನ ಮೇಲ್ ಕಾಯಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಈ ಊರಿನವರು ಮರೆತಿಲ್ಲ. ದೂರದ ಕಲ್ಯಾಣ, ಬದ್ಲಾಪುರ, ವಿರಾರ್‌ನವರನ್ನು ಮೊದಲು ಕಳಿಸಬೇಕು ಅಂತ ಜೂನ್ ತಿಂಗಳಲ್ಲೇ ಪಟ್ಟಿ ಮಾಡಿಟ್ಟು, ಅದಕ್ಕೆ ಬಾಸ್ ಒಪ್ಪಿಗೆ ಪಡೆದುಕೊಂಡಿರಿ.

ಇನ್ನೊಂದು. ಯಾರಾದರೂ ಹೆಣ್ಣುಮಗಳು ಬಂದು ಲೈಂಗಿಕ ಕಿರುಕುಳದ ಬಗ್ಗೆ ಹೇಳಿದರೆ ಪೂರ್ತಿ ಕೇಳಿ, ನಂಬಿಕೆಯಿಂದ ಕೇಳಿ. "ನಾನು ಅವನ ಹತ್ತಿರ ಮಾತಾಡಿ ಸರಿ ಮಾಡ್ತೇನೆ" ಅಂತ ಮಾತ್ರ ಹೇಳಬೇಡಿ. 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಇದಕ್ಕೆಂದೇ ಆಂತರಿಕ ಸಮಿತಿ ಇರಬೇಕು, ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಇವತ್ತೇ ನೋಡಿಕೊಳ್ಳಿ. ಅವಳಿಗೆ ದಾರಿ ತೋರಿಸಿ, ಕೇಳಿದ್ದನ್ನು ಬೇರೆ ಯಾರಿಗೂ ಹೇಳಬೇಡಿ.

ಆರನೇ ತಿಂಗಳು: ಊರಿಗೆ ಹೋಗಿ ಬನ್ನಿ

ಕೊನೆಯ ಹೆಜ್ಜೆ ಒಂದು ವಾರದ ರಜೆ. ನಿಮ್ಮ ಕೆಲಸಗಳನ್ನು ಲೀಡುಗಳಿಗೆ ಹಂಚಿ. ಯಾರು ಯಾವುದರ ಬಗ್ಗೆ ತೀರ್ಮಾನ ಮಾಡಬಹುದು ಅಂತ ಬರೆದುಕೊಡಿ. ನಿಮಗೆ ಫೋನ್ ಮಾಡಲೇಬೇಕಾದ ಸಂದರ್ಭ ಎರಡು ಮೂರು ಇರಲಿ, ಜಾಸ್ತಿ ಬೇಡ. ವಾಪಸ್ ಬಂದ ಮೇಲೆ ಎಲ್ಲಿ ಕೆಲಸ ನಿಂತಿತ್ತೋ ಅಲ್ಲಿ ನೀವು ಇನ್ನೂ ದೋಸೆ ಹೊಯ್ಯುತ್ತಿದ್ದೀರಿ ಅಂತ ಲೆಕ್ಕ.

ನಾನು ಹೋದದ್ದು ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ. ಚಿಪ್ಳೂಣ್ ದಾಟಿದ ಮೇಲೆ ಸುರಂಗದ ಮೇಲೆ ಸುರಂಗ, ರತ್ನಾಗಿರಿಗೆ ಮುಂಚೆ ಆರೂವರೆ ಕಿಲೋಮೀಟರಿನ ಕರ್ಬುಡೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಆ ಕತ್ತಲಲ್ಲಿ ಆಫೀಸು ಮುಳುಗಿ ಹೋಗಿರಬಹುದು ಅಂತ ನಾಲ್ಕು ಸಲ ಸ್ಕ್ರೀನ್ ನೋಡಿದೆ. ರತ್ನಾಗಿರಿಯಲ್ಲಿ ಸಿಗ್ನಲ್ ಬಂತು. ಎರಡೇ ಮೆಸೇಜು. ಒಂದು ಟಪರಿಯಲ್ಲಿ ಚಹಾದ ದುಡ್ಡು ಕೊಟ್ಟಿದ್ದ ಗೆಳೆಯನದು: "ಮಧ್ಯಾಹ್ನ ಇಬ್ಬರು ಬಂದಿಲ್ಲ, ಊಟದ ಪಂಗಡ ಬದಲಿಸಿದೆ. ಸುಮ್ನೆ ತಿಳಿಸಿದ್ದು." ಇನ್ನೊಂದು ಹೆಂಡತಿಯದು, ಚಪಾತಿಯ ಡಬ್ಬಿ ಫ್ರಿಜ್ ಮೇಲೇ ಬಿಟ್ಟು ಹೋಗಿದ್ದೀರಿ ಅಂತ.